ಆಚೆ ದಡದ ಕೀಲು

“ತಾವು ದಯವಿಟ್ಟು ಇತ್ತ ಬನ್ನಿ. ಇಲ್ಲೊಂದು ತಗ್ಗು ಕಂಡುಬಂದಿದೆ.”

ಮೀಸೆ ಸಾಹೇಬರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಅವರ ಹೆಬ್ಬೆರಳು ಉಕ್ಕಿನ ಕೀಲಿನ ತುದಿಯ ಮೇಲೆ ನಿಧಾನವಾಗಿ ಸುತ್ತು ಹಾಕಿ, ಮತ್ತೆ ಮತ್ತೆ ಒಂದೇ ಕಡೆ ಬಂದು ನಿಲ್ಲುತ್ತಿತ್ತು.

ಇನ್‌ಸ್ಪೆಕ್ಟರ್ ತನ್ನ ಹೆಬ್ಬೆರಳನ್ನೂ ಅಲ್ಲಿಟ್ಟು ನೋಡಿದಳು. ಕಣ್ಣಿಗೆ ಏನೂ ಕಾಣದು, ಕನ್ನಡಿಯಂತೆ ಹೊಳೆಯುವ ಉಕ್ಕು. ಆದರೆ ಬೆರಳು ಸುಳ್ಳು ಹೇಳುತ್ತಿರಲಿಲ್ಲ. ನಾಣ್ಯದಗಲದ ಜಾಗದಲ್ಲಿ ಉಕ್ಕು ಕೂದಲೆಳೆಯಷ್ಟು ಕುಳಿ ಬಿದ್ದಿತ್ತು.

“ಯಾರೋ ಉಜ್ಜಿದಾರೆ,” ಎಂದಳು. “ಇಲ್ಲಿ ಇದ್ದಿದ್ದೇನನ್ನೋ ಅಳಿಸಿದಾರೆ.”

“ಸತ್ಯ. ಅಳಿಸಿದ ತರುವಾಯ ಪಾಲಿಷ್ ಸಹ ಮಾಡಲಾಗಿದೆ.”

ಮೀಸೆ ಸಾಹೇಬರು ನದಿಯಾಚೆಯ ದೇಶದ ಪೊಲೀಸ್ ಅಧಿಕಾರಿ. ಚಿಕ್ಕಂದಿನಲ್ಲಿ ಈಚೆ ದಡದ ರೇಡಿಯೋ ಕೇಳಿ ಕೇಳಿಯೇ ಈ ಭಾಷೆ ಕಲಿತವರು. ಹಾಗಾಗಿ ಬಾಯಿ ತೆರೆದರೆ ವಾರ್ತೆ ಓದಿದ ಹಾಗೆ. ಕಾರ್ಖಾನೆಯವರು ಮೊದಮೊದಲು ಮುಖ ತಿರುಗಿಸಿ ನಗುತ್ತಿದ್ದರು. ಈಗ, “ಇವತ್ತು ಹವಾಮಾನ ಹೇಗೆ ಸಾಹೇಬ್ರೆ?” ಎಂದು ಎದುರಿಗೇ ಕೇಳುತ್ತಾರೆ. ಅವರೂ ಮುಖ ಗಂಟಿಕ್ಕಿಕೊಂಡು ಹವಾಮಾನ ಹೇಳುತ್ತಾರೆ.

ಆಚೆಯವರು ಎರಕ ಹೊಯ್ದು ಕಳಿಸಿದ್ದ ಕೀಲು ಮೊನ್ನೆ ಈ ಕೋಣೆಯ ಬೀಗದೊಳಗಿಂದಲೇ ಮಾಯವಾಗಿತ್ತು. ಉಳಿದದ್ದು ನಮ್ಮದು, ಈ ಒಂದು.

ಎರಡು ದೇಶಗಳು ತಂತಮ್ಮ ದಡದಿಂದ ಕಟ್ಟುತ್ತ ಬಂದ ರೈಲು ಸೇತುವೆ ನಡುನೀರಿನಲ್ಲಿ ಮುಖಾಮುಖಿಯಾಗಿ ನಿಂತಿತ್ತು. ಆ ಸಂದಿಯನ್ನು ಹಿಡಿದು ಬಿಗಿಯುವುದು ಎರಡು ಕೀಲುಗಳು, ಒಂದೊಂದೂ ಆಳಿನ ತೊಡೆಯಷ್ಟು ದಪ್ಪ. ಒಂದನ್ನು ಅವರು ಮಾಡಬೇಕು, ಒಂದನ್ನು ನಾವು. ಹಾಗೆಂದು ಮೊದಲ ದಿನವೇ ಮಾತಾಗಿತ್ತು. ಇವತ್ತು ಸಂಜೆ ಅತಿಥಿಗೃಹದಲ್ಲಿ ಒಪ್ಪಂದಕ್ಕೆ ಸಹಿ. ನಾಳೆ ಬೆಳಗ್ಗೆ ಕೀಲು ಕೂರಿಸಿ ಮೊದಲ ಸರಕು ಬಂಡಿ ಬಿಡುವುದು.

ಸಹಿಯಾದರೆ ಅವರ ಗೋಧಿ, ಅದಿರು, ಔಷಧ ನಮ್ಮ ಬಂದರಿಗೆ ನೇರ ಬರುತ್ತದೆ. ನಮ್ಮ ಯಂತ್ರ, ಗಾಲಿ, ಬಟ್ಟೆ ಅವರ ಊರೂರಿಗೆ ಹೋಗುತ್ತದೆ. ಈ ಕಾರ್ಖಾನೆ ಎರಡೂ ದೇಶದ್ದಾಗುತ್ತದೆ. ಬಾಗಿಲ ಮೇಲಿನ ಫಲಕದಲ್ಲಿ ಎರಡು ಲಿಪಿ ಆಗಲೇ ಬರೆದಾಗಿತ್ತು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ.

ಆದರೆ ಅತಿಥಿಗಳ ಕೀಲು ನಮ್ಮ ಮನೆಯಲ್ಲಿ ಕಳುವಾಗಿತ್ತು. ಪತ್ರಿಕೆಗಳು ಬಾಯಿಗೆ ಬಂದ ಹಾಗೆ ಬರೆದಿದ್ದವು. ಬೆಳಗ್ಗೆಯಿಂದ ಆಚೆಯ ನಿಯೋಗದವರು ಸೂಟ್‌ಕೇಸ್ ಕಟ್ಟುತ್ತಿದ್ದಾರೆಂಬ ಸುದ್ದಿ.

“ಮುದ್ರೆ ನೋಡೋಣ,” ಎಂದಳು ಇನ್‌ಸ್ಪೆಕ್ಟರ್.

ಕೀಲಿನ ಇನ್ನೊಂದು ತುದಿಯಲ್ಲಿ ನಮ್ಮ ಕಾರ್ಖಾನೆಯ ಗುರುತು, ಪುಟ್ಟ ದೀಪ. ಆಚೆಯವರದ್ದು ರೆಕ್ಕೆ ಬಿಚ್ಚಿದ ಹಕ್ಕಿ. ಅವಳು ದೀಪದ ಮೇಲೆ ಬೆರಳಾಡಿಸಿದಳು. ಥಟ್ಟನೆ ಕೈ ಹಿಂದೆಗೆದಳು.

“ಗಾಯವೇ?”

“ತರಚಿತು.” ಅವಳು ಬೆರಳು ಬಾಯಲ್ಲಿಟ್ಟುಕೊಂಡಳು. “ಸಾಹೇಬ್ರೆ, ಇಲ್ಲಿ ಮೊದ್ಲು ಮುದ್ರೆ ಒತ್ತಿ ಆಮೇಲೆ ಪಾಲಿಷ್ ಮಾಡ್ತಾರೆ. ಹಾಗಾಗಿ ಅಂಚು ನುಣ್ಣಗಿರಬೇಕು. ಇದು ಗರಗಸದ ಹಾಗಿದೆ. ಪಾಲಿಷ್ ಆದ್ಮೇಲೆ, ಮೊನ್ನೆ ಮೊನ್ನೆ ಒತ್ತಿರೋದು.”

ಮೀಸೆ ಸಾಹೇಬರು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಮೀಸೆಯ ಒಂದು ಕೊನೆ ಮೇಲಕ್ಕೆದ್ದಿತು.

“ಅಂದರೆ ಆ ತುದಿಯಲ್ಲಿ ಅಳಿಸಿದ್ದು ನಮ್ಮ ಹಕ್ಕಿ. ಈ ತುದಿಯಲ್ಲಿ ಒತ್ತಿದ್ದು ನಿಮ್ಮ ದೀಪ.”

“ಹೂಂ. ಇದು ನಿಮ್ಮ ಕೀಲು.”

“ಹಾಗಿದ್ದಲ್ಲಿ ಕಳುವಾಗಿರುವುದು…”

“ನಮ್ಮದು.”

ಹೊರಗೆ ಲೇಥು ಯಂತ್ರಗಳ ಗುಯ್‌ಗುಟ್ಟುವ ಸದ್ದು ಕೇಳುತ್ತಿತ್ತು.

“ಸಂತೋಷದ ಸುದ್ದಿಯಲ್ಲವೇ?” ಎಂದರು ಮೀಸೆ ಸಾಹೇಬರು. “ನಮ್ಮ ಕೀಲು ಕ್ಷೇಮ. ನಾನು ಈಗಲೇ ನಮ್ಮವರಿಗೆ ಸೂಟ್‌ಕೇಸು ಬಿಚ್ಚಲು ತಿಳಿಸಬಹುದು.” ಆಮೇಲೆ ಅವಳ ಮುಖ ನೋಡಿದರು. ವಾರ್ತೆಯ ಧಾಟಿ ಸ್ವಲ್ಪ ಇಳಿಯಿತು. “ತಮಗೆ ಸಂತೋಷವಾದಂತೆ ಕಾಣುತ್ತಿಲ್ಲ.”

“ಆ ದೀಪ ಒತ್ತೋ ಉಳಿ ಇರೋದು ಒಂದೇ,” ಎಂದಳು ಅವಳು. “ಅದು ಯಾರ ಸೊಂಟದಲ್ಲಿರುತ್ತೆ ಅಂತ ಈ ಕಾರ್ಖಾನೇಲಿ ಎಲ್ಲರಿಗೂ ಗೊತ್ತು.”

ಅವಳಿಗಂತೂ ಹುಟ್ಟಿದಾಗಿನಿಂದ ಗೊತ್ತು.

*

ಎರಕದ ಮನೆಗೆ ಹೋಗಲು ಇಡೀ ಅಂಗಳ ದಾಟಬೇಕು. ಅವಳು ಎಂದೂ ಅಷ್ಟು ನಿಧಾನವಾಗಿ ದಾಟಿದ್ದಿಲ್ಲ.

ಎರಕದ ಯಜಮಾನ ಅವಳ ಸೋದರಮಾವ, ತಾಯಿಯ ಅಣ್ಣ. ಕೆಲಸಗಾರರಿಗೆಲ್ಲ ‘ದೊಡ್ಡೋರು’. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿ ದಡ ಸೇರಿಸಿದವರು ಅವರೇ. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಕುಲುಮೆಯಿಂದ ಕಾದ ಉಕ್ಕು ಸುರಿಯುವುದನ್ನು ತೋರಿಸಿದ್ದರು. ಸೀಸದ ಬಿಲ್ಲೆಯ ಮೇಲೆ ದೀಪ ಒತ್ತಿ ಕೊಟ್ಟಿದ್ದರು. ಅದನ್ನು ಅವಳು ಶಾಲೆಗೆಲ್ಲ ತೋರಿಸಿ ಮೆರೆದಿದ್ದಳು.

ಸೇತುವೆಯ ಭದ್ರತೆಗೆಂದು ಎರಡು ದೇಶದ ಪೊಲೀಸರು ಒಂದೇ ಮೇಜಿನ ಮುಂದೆ ಕೂತದ್ದು ಇದೇ ಮೊದಲು. ಕಳುವಿಗೂ ಎಷ್ಟೋ ಮೊದಲು, ಈ ಕಡೆಯಿಂದ ಅವಳನ್ನು ಆರಿಸಿದರೆಂದು ತಿಳಿದ ದಿನ, ಮಾವ ಗೇಟಿನ ಬಳಿ ನಿಂತು ಬಂದವರಿಗೆ ಹೋದವರಿಗೆ ಹೇಳಿದ್ದೇ ಹೇಳಿದ್ದು. “ನಮ್ಮ ಪುಟ್ಟಿ! ಇಡೀ ದೇಶದ ಪರವಾಗಿ!” ಕೊನೆಗೆ ಅತ್ತೆಯೇ ಬಂದು, “ಸಾಕು, ಬಸ್ಸಿನೋರಿಗೂ ಹೇಳ್ಬೇಡಿ,” ಎಂದು ಕೈ ಹಿಡಿದು ಎಳೆದುಕೊಂಡು ಹೋಗಿದ್ದಳು.

“ತಾವು ಹೊರಗೆ ಉಳಿಯಬಹುದು,” ಎಂದರು ಮೀಸೆ ಸಾಹೇಬರು ಬಾಗಿಲ ಬಳಿ. “ಪ್ರಶ್ನೆಗಳನ್ನು ನಾನು ಕೇಳುತ್ತೇನೆ. ರಕ್ತಸಂಬಂಧದ ವಿಷಯ.”

“ಇಲ್ಲ. ನಾನು ಕೇಳದೆ ಇದ್ರೆ ನಾಳೆ ನಿಮ್ಮ ಮುಖ ಹೇಗೆ ನೋಡ್ಲಿ?”

ಅವರು ಬಾಗಿಲು ತಳ್ಳಿ, ಅವಳಿಗೆ ಮುಂದೆ ಹೋಗಲು ಬಿಟ್ಟರು.

ಮಾವ ಮರಳಿನ ಅಚ್ಚಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಒದ್ದೆ ಮರಳನ್ನು ಅಂಗೈಯಿಂದ ಸವರಿ ಸವರಿ ಅಂಚು ತಿದ್ದುತ್ತಿದ್ದರು. ಅದು ಕೀಲಿನ ಅಚ್ಚು. ಹೊಸದು.

“ಬಾ ಪುಟ್ಟಿ. ಸಾಹೇಬ್ರೂ ಬನ್ನಿ.” ಎದ್ದು ಕೈ ಕೊಡವಿಕೊಂಡರು. ಕಣ್ಣ ಕೆಳಗೆ ಕಪ್ಪಿಟ್ಟಿತ್ತು. “ಏನಾದ್ರೂ ಸುಳಿವು ಸಿಕ್ತಾ?”

“ಮಾವ, ಮುದ್ರೆ ಉಳಿ ಸ್ವಲ್ಪ ಕೊಡಿ.”

ಅವರ ಕೈ ಸೊಂಟದ ಚರ್ಮದ ಚೀಲಕ್ಕೆ ಹೋಯಿತು. ಅಲ್ಲೇ ನಿಂತಿತು.

“ಯಾಕೆ?”

“ಕೇಳ್ತಿರೋದು ನಿಮ್ಮ ಪುಟ್ಟಿ ಅಲ್ಲ. ಇಲಾಖೆ.”

ಅವರು ಉಳಿ ತೆಗೆದು ಅವಳ ಅಂಗೈಗೆ ಇಟ್ಟರು. ಬೆಚ್ಚಗಿತ್ತು. ತುದಿಯ ದೀಪದ ಸಂದಿನಲ್ಲಿ ಉಕ್ಕಿನ ಸಣ್ಣ ಚೂರು ಮಿನುಗುತ್ತಿತ್ತು.

“ಯಾವಾಗ್ಲೂ ಕೆಂಪಗೆ ಕಾದ ಉಕ್ಕಿನ ಮೇಲೆ ಒತ್ತೋರು ನೀವು,” ಎಂದಳು. “ತಣ್ಣಗಿರೋ ಉಕ್ಕಿನ ಮೇಲೆ ಸುತ್ತಿಗೇಲಿ ಹೊಡೆದ್ರೆ ಇದರ ಬಾಯಿ ಹೋಗುತ್ತೆ ಅಂತ ನನಗೆ ಹೇಳಿಕೊಟ್ಟಿದ್ದು ನೀವೇ. ನೋಡಿ, ಒಂದು ಮೂಲೆ ಮುರಿದಿದೆ.”

“ಹಳೇ ಉಳಿ ಕಣಮ್ಮ.”

“ಮಾವ.”

“ಸವೆದಿದೆ…”

“ಮಾವ, ಅಳಿಯಂದ್ರು ಮೊನ್ನೆಯಿಂದ ಲಾಕಪ್ಪಲ್ಲಿದಾರೆ.”

ಅಳಿಯಂದ್ರು ಎಂದರೆ ಕೀಲಿನ ಕೋಣೆಯ ಕಾವಲುಗಾರ. ಆಚೆ ದಡದವನು, ಈಚೆ ದಡದ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಉಳಿದವನು. ಹಾಗಾಗಿ ಇಡೀ ಕಾರ್ಖಾನೆಗೆ ಅಳಿಯ. ಬೀಗದ ಕೈ ಅವನ ಬಳಿಯಿತ್ತು. ಎರಡೂ ಕಡೆಯ ಪತ್ರಿಕೆಗಳು ಅವನನ್ನೇ ಕಳ್ಳನೆಂದು ಬರೆದಿದ್ದವು. ಈಚೆಯವರು ‘ಆಚೆಯವನು’ ಎಂದರು, ಆಚೆಯವರು ‘ಈಚೆಗೆ ಮಾರಿಕೊಂಡವನು’ ಎಂದರು. ಅವನ ಹೆಂಡತಿ ತುಂಬು ಬಸುರಿ. ಠಾಣೆಯ ಬೆಂಚಿನಿಂದ ಎದ್ದೇ ಇರಲಿಲ್ಲ.

ಮಾವ ಮರಳಿನ ಅಚ್ಚಿನ ಅಂಚಿಗೆ ಕೂತುಬಿಟ್ಟರು. ಅಷ್ಟು ಹೊತ್ತು ತಿದ್ದಿದ್ದ ಅಂಚು ಅವರ ಭಾರಕ್ಕೆ ಕುಸಿಯಿತು. ಅವರು ಅದನ್ನು ನೋಡಲೇ ಇಲ್ಲ.

“ಅವನನ್ನ ಮೊದ್ಲು ಬಿಡುಗಡೆ ಮಾಡಿಸು,” ಎಂದರು. “ಅವನ ಜಾಗದಲ್ಲಿ ನನ್ನ ಕೂರಿಸು. ಬೀಗದ ಕೈ ನಾನೇ ಇಸ್ಕೊಂಡೆ. ಇವತ್ತು ರಾತ್ರಿ ಮನೆಗೆ ಹೋಗಪ್ಪ, ನಾನಿರ್ತೀನಿ ಅಂದೆ. ನನ್ನ ಹೆಸರು ಹೇಳಬಹುದಿತ್ತಲ್ಲ ಅವನು? ಬಾಯೇ ಬಿಟ್ಟಿಲ್ಲ.”

“ದೊಡ್ಡೋರ ಹೆಸರು ಹೇಳೋದಾ ಅಂತ ಸುಮ್ಮನಿದಾನೆ.”

ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಮೀಸೆ ಸಾಹೇಬರು ಮೂಲೆಯ ಹೂಜಿಯಿಂದ ಒಂದು ಲೋಟ ನೀರು ತಂದು ಅವರ ಮುಂದಿಟ್ಟರು. ಅವರು ಕುಡಿಯಲಿಲ್ಲ.

“ಯಾಕೆ ಮಾವ?”

“ಬಿರುಕು.” ಅವರು ಮುಖದಿಂದ ಕೈ ತೆಗೆದರು. “ನಮ್ಮ ಕೀಲಿನ ಹೊಟ್ಟೆಯೊಳಗೆ ಬಿರುಕು. ಕಣ್ಣಿಗೆ ಕಾಣಲ್ಲ. ಯಂತ್ರ ಇಟ್ಟು ಕೇಳಿದ್ರೆ ಗೊತ್ತಾಗುತ್ತೆ. ನಾನು ಹೊಯ್ದ ಎರಕ, ಪುಟ್ಟಿ! ಈ ಕೈಯಿಂದ! ಆಚೆಯೋರ ಕೀಲು ಚಿನ್ನದ ಹಾಗಿದೆ, ನಮ್ಮದು ಟೊಳ್ಳು. ನಾಳೆ ಇಡೀ ಲೋಕ ನೋಡ್ತಾ ಇರುತ್ತೆ. ನಮ್ಮ ದೇಶ ಒಂದು ಕೀಲು ಮಾಡೋಕೆ ಬಾರದ ದೇಶ ಅನ್ನಿಸ್ಕೊಳ್ಳೋದಾ?”

“ಅದಕ್ಕೆ ಅವರ ಕೀಲಿಗೆ ನಮ್ಮ ದೀಪ ಒತ್ತಿದ್ರಿ.”

“ಕದಿಯೋ ಉದ್ದೇಶ ಇರಲಿಲ್ಲ! ಎರಕದೋರಿಗೆಲ್ಲ ರಜೆ ಕೊಟ್ಟು ಕ್ರೇನು ನಾನೇ ನಡೆಸಿದೆ. ನಮ್ಮದನ್ನ ಬಚ್ಚಿಟ್ಟೆ. ಅವರದ್ದು ಕಾಣೆಯಾಗಿದೆ ಅಂದ್ರೆ ಕಾರ್ಯಕ್ರಮ ಸ್ವಲ್ಪ ಮುಂದಕ್ಕೆ ಹೋಗುತ್ತೆ, ಅಷ್ಟರಲ್ಲಿ ಇನ್ನೊಂದು ಹೊಯ್ದು, ಅದರ ಮೇಲೆ ಹಕ್ಕಿ ಕೆತ್ತಿ, ಅವರದ್ದು ಸಿಕ್ತು ಅಂತ ಹೇಳಿ…” ಅವರ ದನಿ ಒಡೆಯಿತು. “ಅತಿಥಿಗಳಿಗೆ ಇದು ಎಷ್ಟು ಅವಮಾನ ಅಂತ ಹೊಳೀಲೇ ಇಲ್ಲ. ಪೇಪರಿನೋರು ಹೀಗೆ ಬರೀತಾರೆ ಅಂತ ಗೊತ್ತಿರಲಿಲ್ಲ. ಆ ಹುಡುಗನ್ನ ಹಿಡಿದ ದಿನ ಹೇಳಿಬಿಡಬೇಕಾಗಿತ್ತು. ನಾಲಿಗೆ ಏಳಲಿಲ್ಲ.”

ಇನ್‌ಸ್ಪೆಕ್ಟರಿಗೆ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಸಂಕಟ. ಮಾವನ ತಲೆ ಇಷ್ಟು ಕೆಳಗೆ ಬಿದ್ದದ್ದನ್ನು ಅವಳು ಕಂಡಿರಲಿಲ್ಲ.

“ಏಳಿ,” ಎಂದಳು. “ಇದನ್ನ ನನಗೆ ಹೇಳಿ ಪ್ರಯೋಜನ ಇಲ್ಲ. ಹೇಳಬೇಕಾದವರಿಗೆ ಹೇಳಿ.”

*

ಹೇಳಬೇಕಾದವರು ತಾವೇ ಬಂದರು. ಆಚೆ ದಡದ ಮುಖ್ಯ ಎಂಜಿನಿಯರ್, ನರೆಗೂದಲಿನ ಕುಳ್ಳು ಹೆಂಗಸು, ಮೈಮೇಲೆ ಕೋಟು, ತಲೆಗೆ ಹೆಲ್ಮೆಟ್ಟು. ಮೀಸೆ ಸಾಹೇಬರು ಫೋನಿನಲ್ಲಿ ಕರೆದಾಗ ಅವರು ಅತಿಥಿಗೃಹದಲ್ಲಿ ನಿಜವಾಗಿಯೂ ಸೂಟ್‌ಕೇಸಿಗೆ ಬೀಗ ಹಾಕುತ್ತಿದ್ದರಂತೆ.

ಮಾವನಿಗೂ ಅವರಿಗೂ ವರ್ಷಗಳ ಒಡನಾಟ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಕ್ಷೆಯ ಮೇಲೆ ಬೆರಳಿಟ್ಟು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ಜಗಳವನ್ನೂ ಹಾಗೇ ಆಡಿ ಇಬ್ಬರೂ ಸೇರಿ ಈ ಸೇತುವೆ ಎಬ್ಬಿಸಿದ್ದರು.

ಮಾವ ನಿಂತುಕೊಂಡೇ ಎಲ್ಲ ಹೇಳಿದರು. ಒಂದನ್ನೂ ಬಚ್ಚಿಡಲಿಲ್ಲ, ಒಂದಕ್ಕೂ ಸಬೂಬು ಕೊಡಲಿಲ್ಲ. ಮೀಸೆ ಸಾಹೇಬರು ಪಕ್ಕದಲ್ಲಿ ನಿಂತು ತಮ್ಮ ಭಾಷೆಗೆ ತಿರುಗಿಸುತ್ತ ಹೋದರು.

“ತಪ್ಪು ನನ್ನದು,” ಎಂದು ಮುಗಿಸಿದರು ಮಾವ. “ನನ್ನೊಬ್ಬನದು. ನಮ್ಮ ದೇಶದ್ದಲ್ಲ. ಸಂಜೆ ಸಹಿ ನಿಲ್ಲಿಸಬೇಡಿ ಅಂತ ಹೇಳಿ ಸಾಹೇಬ್ರೆ. ಬೇಕಾದ್ರೆ ನನ್ನ ಕೈಗೆ ಕೋಳ ಹಾಕಿ ಅವರ ಮುಂದೇನೇ ಕರ್ಕೊಂಡು ಹೋಗಿ.”

ಎಂಜಿನಿಯರಮ್ಮ ಹೆಲ್ಮೆಟ್ಟು ತೆಗೆದರು. ಏನೋ ಹೇಳಿದರು, ಚಿಕ್ಕದಾಗಿ. ಮೀಸೆ ಸಾಹೇಬರ ಬಾಯಿ ತೆರೆದೇ ಉಳಿಯಿತು.

“ಏನಂತೆ?” ಇನ್‌ಸ್ಪೆಕ್ಟರ್ ಕೇಳಿದಳು.

“ಅವರು ತಿಳಿಸುವುದೇನೆಂದರೆ…” ಮೀಸೆ ಸಾಹೇಬರು ಕೆಮ್ಮಿದರು. “ಅವರ ಮೊದಲ ಕೀಲು ಒಡೆದುಹೋಯಿತು. ಎರಡನೆಯದೂ. ಇಲ್ಲಿಗೆ ಬಂದದ್ದು ಮೂರನೆಯದು. ನಮ್ಮ ದೇಶಕ್ಕೆ ಅವಮಾನವಾಗುತ್ತದೆಂದು ಯಾರಿಗೂ ಹೇಳದೆ ಒಡೆದ ಕೀಲುಗಳನ್ನು ಹಿತ್ತಲಲ್ಲಿ ಹೂಳಿಸಿದರಂತೆ. ಇದು ನನಗೂ ಈಗಷ್ಟೇ ತಿಳಿದುಬಂದ ಸುದ್ದಿ.”

ಮಾವ ತಲೆಯೆತ್ತಿದರು.

ಎಂಜಿನಿಯರಮ್ಮ ಮುಂದೆ ಬಂದು ಅವರ ಮರಳು ಮೆತ್ತಿದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಇನ್ನೊಂದು ಮಾತು ಹೇಳಿದರು. ಈ ಸಲ ಮೀಸೆ ಸಾಹೇಬರ ದನಿಯಲ್ಲಿ ರೇಡಿಯೋ ಇರಲಿಲ್ಲ.

“‘ನಾನು ನಿಮಗೆ ಹೇಳಿದ್ದಿದ್ರೆ ನೀವು ಬಂದು ಸಹಾಯ ಮಾಡ್ತಿದ್ರಿ. ನೀವು ನನಗೆ ಹೇಳಿದ್ದಿದ್ರೆ ನಾನು ಬರ್ತಿದ್ದೆ. ಸೇತುವೆ ಕಟ್ಟೋದನ್ನ ಕಲಿತ್ವಿ, ಇದೊಂದು ಕಲೀಲಿಲ್ಲ.’”

ಮಾವನಿಗೆ ನಗು ಬಂತೋ ಅಳು ಬಂತೋ. ಎರಡೂ ಬಂದವು. “ಹಿತ್ತಲಲ್ಲಿ ಹೂಳಿಸಿದ್ರಾ?” ಎಂದರು ಕಣ್ಣೊರೆಸಿಕೊಳ್ಳುತ್ತ. “ನನಗೆ ಅದೂ ಹೊಳೀಲಿಲ್ಲ ನೋಡಿ. ಎಣ್ಣೆ ತೊಟ್ಟಿಗೆ ಹಾಕಿದೆ.”

ಇನ್‌ಸ್ಪೆಕ್ಟರ್ ಠಾಣೆಗೆ ಫೋನ್ ಮಾಡಿ ಅಳಿಯಂದ್ರನ್ನು ಬಿಡಲು ಹೇಳಿದಳು. ಆ ಕಡೆಯಿಂದ ಯಾರೋ ಹೆಂಗಸು ಗಟ್ಟಿಯಾಗಿ ಅತ್ತದ್ದು ಕೇಳಿಸಿತು. ಫೋನ್ ಇಟ್ಟ ಮೇಲೂ ಅವಳು ಸ್ವಲ್ಪ ಹೊತ್ತು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

*

ಕಾದ ಉಕ್ಕನ್ನು ಅದ್ದಿ ತಣಿಸುವ ಎಣ್ಣೆ ತೊಟ್ಟಿ ಎರಕದ ಮನೆಯ ಹಿಂಭಾಗದಲ್ಲಿತ್ತು. ಎಣ್ಣೆ ಕಪ್ಪಗೆ, ಗಟ್ಟಿಯಾಗಿ, ಒಳಗೇನಿದೆಯೆಂದು ಗುಟ್ಟು ಬಿಟ್ಟುಕೊಡದೆ ನಿಂತಿತ್ತು. ತನಿಖೆಯವರು ಅದರ ಸುತ್ತ ಹತ್ತಾರು ಸಲ ಓಡಾಡಿದ್ದರು.

ಮಾವ ತಾವೇ ಕ್ರೇನಿನ ಗುಂಡಿ ಒತ್ತಿದರು. ಸರಪಳಿ ಬಿಗಿಯಿತು. ಎಣ್ಣೆ ಉಬ್ಬಿ, ಸೀಳಿ, ನಮ್ಮ ಕೀಲು ನಿಧಾನವಾಗಿ ಮೇಲೆ ಬಂತು. ಕಪ್ಪು ಹನಿಗಳು ಇಳಿಯುತ್ತ ಹೋದಂತೆ ಕೆಳಗಿನ ಉಕ್ಕು ಬೆಳ್ಳಗೆ ಮಿನುಗಿತು. ಬಿರುಕಿರಲಿ, ಏನೇ ಇರಲಿ, ನೋಡಲು ರಾಜಗಾಂಭೀರ್ಯದ ವಸ್ತು. ನಾಲ್ವರೂ ತಲೆಯೆತ್ತಿ ನೋಡಿದರು.

ಎಂಜಿನಿಯರಮ್ಮ ಬಟ್ಟೆ ತೆಗೆದುಕೊಂಡು ಒರೆಸತೊಡಗಿದರು. ಮಾವ ಇನ್ನೊಂದು ಬದಿಯಿಂದ ಒರೆಸಿದರು. ನಡುಭಾಗಕ್ಕೆ ಬಂದಾಗ ಎಂಜಿನಿಯರಮ್ಮನ ಕೈ ನಿಂತಿತು. ಅವರು ಟಾರ್ಚು ಹತ್ತಿರ ಹಿಡಿಯಲು ಸನ್ನೆ ಮಾಡಿದರು.

ಉಕ್ಕಿನ ಮೇಲೆ ಒಂದು ಪುಟ್ಟ ದುಂಡು ಗುರುತು. ಸುತ್ತಲಿನ ಉಕ್ಕು ಬೆಳ್ಳಗಿದ್ದರೆ ಅದು ಬೂದಿ ಬಣ್ಣ.

ಮಾವ ಉಗುರಿನಿಂದ ಕೆರೆದರು. ಉಗುರಿನ ಗೆರೆ ಬಿತ್ತು.

“ಸೀಸ,” ಎಂದರು. “ಇಲ್ಲಿ ಸೀಸ ಯಾಕಿದೆ?”

ಸಣ್ಣ ಉಳಿಯಿಂದ ಕೆದಕಿದಾಗ ಸೀಸದ ಬಿರಡೆ ಕಿತ್ತು ಬಂತು. ಹಿಂದೆ ತೂತು. ಎಂಜಿನಿಯರಮ್ಮ ತಂತಿ ಇಳಿಸಿದರು. ಅದು ಓರೆಯಾಗಿ, ನೇರ ಕೀಲಿನ ಹೊಟ್ಟೆಯವರೆಗೆ ಇಳಿದೇ ಇಳಿಯಿತು.

ಮಾವ ತೂತಿನ ಮೇಲೆ ಬೆರಳಿಟ್ಟುಕೊಂಡು ನಿಂತುಬಿಟ್ಟರು.

“ಪುಟ್ಟಿ. ಎರಕ ಕೆಟ್ಟು ಬರೋ ಬಿರುಕು ದುಂಡಗಿರಲ್ಲ. ಅದಕ್ಕೆ ಯಾರೂ ಬಿರಡೆ ಹಾಕಲ್ಲ.”

“ಕೊರೆದಿದಾರೆ.”

“ನನ್ನ ಎರಕ ಸರಿಯಾಗೇ ಇತ್ತು!” ಆ ದನಿ ಎರಕದ ಮನೆಯ ತಗಡಿನ ಮಾಡಿಗೆ ಬಡಿದು ಹಿಂದಿರುಗಿತು. “ಸರಿಯಾಗಿತ್ತು ಕಣೇ! ನಮ್ಮ ಕೀಲು ಚೆನ್ನಾಗಿತ್ತು!”

ಎಂಜಿನಿಯರಮ್ಮನಿಗೆ ಯಾರೂ ಅನುವಾದ ಮಾಡಬೇಕಾಗಲಿಲ್ಲ. ಅವರು ಮಾವನ ಬೆನ್ನು ತಟ್ಟಿದರು, ಆಮೇಲೆ ಕೀಲಿನ ಬೆನ್ನನ್ನೂ ತಟ್ಟಿದರು.

ಇನ್‌ಸ್ಪೆಕ್ಟರ್ ಮಾತ್ರ ಕದಲಲಿಲ್ಲ.

“ಮಾವ, ಬಿರುಕಿದೆ ಅಂತ ನಿಮಗೆ ಯಾರು ಹೇಳಿದ್ರು?”

“ಕಬ್ಬಿಣದ ಡಾಕ್ಟರು.”

ಎರಡೂ ದೇಶಗಳು ಒಪ್ಪಿ ಹೊರಗಿನಿಂದ ಕರೆಸಿಕೊಂಡ ಪರೀಕ್ಷಕ ಅವನು. ಉಕ್ಕಿಗೆ ಯಂತ್ರ ಆನಿಸಿ, ಕಿವಿಗೆ ಸಿಕ್ಕಿಸಿಕೊಂಡು ಒಳಗಿನ ಸದ್ದು ಕೇಳುತ್ತಾನೆ. ಕಾರ್ಖಾನೆಯವರು ಹಾಗೆಂದು ಹೆಸರಿಟ್ಟಿದ್ದರು.

“ಪರೀಕ್ಷೆ ಆದಮೇಲೆ ಪಕ್ಕಕ್ಕೆ ಕರೆದ,” ಎಂದರು ಮಾವ. “‘ದೊಡ್ಡೋರೆ, ಬಿರುಕಿದೆ. ನಿಮ್ಮೊಬ್ಬರಿಗೇ ಹೇಳ್ತಿದೀನಿ, ಬೇರೆ ಯಾರಿಗೂ ಗೊತ್ತಾಗಲ್ಲ. ನಿಮ್ಮ ಮಾನ ನನ್ನ ಮಾನ’ ಅಂದ. ಎಂಥ ಒಳ್ಳೇ ಮನುಷ್ಯ ಅಂದ್ಕೊಂಡೆ. ಕೈ ಮುಗಿದೆ ಅವನಿಗೆ.”

“ನೀವು ಹೀಗೇ ಮಾಡ್ತೀರಿ ಅಂತ ಅವನಿಗೆ ಗೊತ್ತಿತ್ತು,” ಎಂದಳು ಅವಳು. “ನಿಮ್ಮ ಅಭಿಮಾನ ಎಷ್ಟು ಅಂತ ಅಳತೆ ಮಾಡಿಟ್ಟುಕೊಂಡೇ ಕೊರೆದಿದಾನೆ. ನೀವು ಮುಚ್ಚಿಡ್ತೀರಿ, ಅವರು ಸಿಟ್ಟಾಗ್ತಾರೆ, ಒಪ್ಪಂದ ತಾನಾಗೇ ಮುರಿಯುತ್ತೆ. ಅವನ ಕೈಗೆ ಮಸಿಯೂ ಅಂಟಲ್ಲ.”

ಮೀಸೆ ಸಾಹೇಬರು ಇದನ್ನು ತಿರುಗಿಸಿ ಹೇಳುತ್ತಿದ್ದಂತೆ ಎಂಜಿನಿಯರಮ್ಮನ ಮುಖದ ಬಣ್ಣ ಹೋಯಿತು. ಅವರು ಮೀಸೆ ಸಾಹೇಬರ ತೋಳು ಹಿಡಿದು ಬಡಬಡನೆ ಏನೋ ಹೇಳಿದರು.

“ಸೇತುವೆಯ ಪ್ರತಿಯೊಂದು ಬೆಸುಗೆಯನ್ನೂ ಪರೀಕ್ಷಿಸಿ ‘ಸರಿಯಿದೆ’ ಎಂದವನು ಅವನೇ ಎಂದು ಇವರು ಹೇಳುತ್ತಿದ್ದಾರೆ. ಎರಡೂ ದಡದ್ದು. ಎಲ್ಲವೂ.”

ತೊಟ್ಟಿಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಇನ್‌ಸ್ಪೆಕ್ಟರ್ ಫೋನ್ ತೆಗೆದು ಅವನ ನಂಬರು ಒತ್ತಿದಳು. ಕಾಯುತ್ತ ಕೂತಿದ್ದವನ ಹಾಗೆ ಅವನು ತಕ್ಷಣ ಎತ್ತಿಕೊಂಡ.

“ತೊಟ್ಟಿಯಿಂದ ಎತ್ತಿದ್ರಾ ಮೇಡಂ?”

ಮಾವ ಬಚ್ಚಿಡುವುದನ್ನು ಇವನು ಕಂಡಿದ್ದನೆಂದಾಯಿತು. ಬೆಚ್ಚಿದ್ದನ್ನು ಅವಳು ದನಿಯಲ್ಲಿ ತೋರಗೊಡಲಿಲ್ಲ. “ಎಲ್ಲಿದೀರಿ ಡಾಕ್ಟ್ರೆ?”

“ನೀವು ಬುದ್ಧಿವಂತರು ಅಂತ ಮೊದಲ ದಿನವೇ ಅಂದ್ಕೊಂಡಿದ್ದೆ. ನೋಡಿ, ನಾನು ಬರೀ ಕೂಲಿ. ಹೇಳಿದ್ದು ಮಾಡಿದೆ. ಹೇಳಿದೋರು ಯಾರು ಅಂತ ತಿಳೀಬೇಕಲ್ಲ ನಿಮಗೆ?” ಅವನು ದನಿ ಇಳಿಸಿದ. “ಪಕ್ಕದಲ್ಲಿ ಆ ಮೀಸೆ ಇದಾನಲ್ಲ, ಅವನಿಂದ ಸ್ವಲ್ಪ ದೂರ ಬನ್ನಿ. ಅವನ ಮೇಲೂ ಒಂದು ಕಣ್ಣಿಡಿ. ಉಳಿದದ್ದು ನಿಮ್ಮೊಬ್ಬರಿಗೇ ಹೇಳ್ತೀನಿ.”

ಅವಳು ಮೀಸೆ ಸಾಹೇಬರ ಕಡೆ ನೋಡಿದಳು. ಮಾತು ಅವರಿಗೆ ಕೇಳಿಸಿರಲಿಲ್ಲ. ಆದರೆ ಅವಳ ಕಣ್ಣು ತಮ್ಮ ಮೇಲೆ ಬಿದ್ದದ್ದು ಗೊತ್ತಾಯಿತು. ಅವರು ಅಲ್ಲೇ, ಕೈಕಟ್ಟಿ ನಿಂತಿದ್ದರು. ಬೇಕಾದರೆ ಹೊರಗೆ ಹೋಗುತ್ತೇನೆ ಎನ್ನುವಂತೆ ಬಾಗಿಲ ಕಡೆ ಸಣ್ಣಗೆ ತಲೆಯಾಡಿಸಿದರು.

ಮಾವನಿಗೂ ಇವನು ಹೀಗೇ ಹೇಳಿದ್ದ. ನಿಮ್ಮ ಒಬ್ಬರಿಗೇ.

ಅವಳು ಸ್ಪೀಕರ್ ಒತ್ತಿ ಫೋನನ್ನು ಕೀಲಿನ ಮೇಲಿಟ್ಟಳು.

“ಹೇಳಿ ಡಾಕ್ಟ್ರೆ. ಮೀಸೆ ಸಾಹೇಬ್ರೂ ಕೇಳ್ತಿದಾರೆ. ಅವರ ಎಂಜಿನಿಯರಮ್ಮ ಕೇಳ್ತಿದಾರೆ, ನಮ್ಮ ಯಜಮಾನ್ರೂ ಕೇಳ್ತಿದಾರೆ. ಇಲ್ಲಿ ಒಬ್ಬರಿಗೇ ಅಂತ ಯಾವುದೂ ಇಲ್ಲ.”

ಮೀಸೆ ಸಾಹೇಬರ ಕಟ್ಟಿದ ಕೈ ಸಡಿಲವಾಯಿತು. ಅವರು ಒಂದು ಹೆಜ್ಜೆ ಮುಂದೆ ಬಂದು ಅವಳ ಪಕ್ಕದಲ್ಲಿ ನಿಂತರು.

ಫೋನಿನ ಆ ತುದಿಯಲ್ಲಿ ಉಸಿರಾಟದ ಸದ್ದು. ಅವನು ಇದನ್ನು ಎಣಿಸಿರಲಿಲ್ಲ. ಆಮೇಲೆ, ಅವನ ಹಿಂದಿನಿಂದ, ಸ್ವಲ್ಪ ದೂರದಿಂದ ಇನ್ನೊಂದು ದನಿ ಬಂತು. ನಯವಾದ, ಅವಸರವಿಲ್ಲದ ದನಿ. ನಮ್ಮ ಭಾಷೆ.

“ಸಾಕು. ಇಡು ಫೋನ್.”

ಕರೆ ಕಡಿಯಿತು.

ಮಾವ ಕ್ರೇನಿನ ಕಂಬ ಹಿಡಿದುಕೊಂಡರು. ಅವರಿಗೂ ಗೊತ್ತಾಗಿತ್ತು. ಈ ದೇಶದಲ್ಲಿ ಆ ದನಿ ಗೊತ್ತಿಲ್ಲದವರು ಕಡಿಮೆ.

“ಆ ಧ್ವನಿ ತಮಗೆ ಪರಿಚಿತವೇ?” ಮೀಸೆ ಸಾಹೇಬರು ಕೇಳಿದರು.

ಇಲ್ಲ ಎಂದುಬಿಡಬಹುದಿತ್ತು. ಅವರು ನಂಬುತ್ತಿದ್ದರು. ದೇಶದ ಮಾನ ಇನ್ನೊಂದಿಷ್ಟು ಗಂಟೆ ಉಳಿಯುತ್ತಿತ್ತು. ಮಾವ ಅವಳನ್ನೇ ನೋಡುತ್ತಿದ್ದರು. ಹೇಳು ಎಂಬಂತೆ, ಬಹಳ ಮೆಲ್ಲಗೆ, ತಲೆಯಾಡಿಸಿದರು.

ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಳು.

“ನಮ್ಮವರದೇ,” ಎಂದಳು. “ಇವತ್ತು ಸಂಜೆ ನಮ್ಮ ದೇಶದ ಪರವಾಗಿ, ನಿಮ್ಮೆದುರಿಗೆ ಕೂತು ಸಹಿ ಹಾಕೋರದು.”